ಹಗಲಿನ ಸರ್ಕಾರ, ರಾತ್ರಿಯ ಸರ್ಕಾರ

ಹೈದರಾಬಾದಿನಿಂದ ಹೊರಟ ರೈಲು ತಾಂಡೂರು ದಾಟಿ ಸೇಡಂ, ಮಳಖೇಡ ರೋಡ್, ಚಿತ್ತಾಪುರ ಹಿಡಿದು ವಾಡಿಗೆ ಬರುತ್ತದೆ. ನಿಜಾಮರ ಸಂಸ್ಥಾನದ ಹಣದಲ್ಲಿ 1874ರಲ್ಲಿ ಬಿದ್ದ ಹಳಿ ಇದು. ವಾಡಿಯಲ್ಲಿ ಅದು ಮುಂಬಯಿ–ಮದರಾಸು ದಾರಿಯನ್ನು ಕೂಡುತ್ತದೆ; ಅಲ್ಲಿಂದ ಶಹಾಬಾದ್, ಗುಲಬರ್ಗಾ (ಇಂದಿನ ಕಲಬುರಗಿ), ಮುಂದೆ ಸೊಲ್ಲಾಪುರ. ಇಡೀ ಮುಕ್ಕಾಲು ಶತಮಾನ ರಾಜಧಾನಿಯ ಹುಕುಂ, ರಾಜಧಾನಿಯ ವದಂತಿ, ರಾಜಧಾನಿಯ ಪತ್ರಿಕೆ ಎಲ್ಲವೂ ನಮ್ಮ ಕಲಬುರಗಿ ಸೀಮೆಗೆ ಬಂದದ್ದು ಈ ಹಳಿಯ ಮೇಲೆಯೇ. ಕಾಳಗಿಗಾಗಲಿ ಚಿಂಚೋಳಿಗಾಗಲಿ ರೈಲು ಬರಲಿಲ್ಲ. ಸ್ಟೇಷನ್ನಿನಲ್ಲಿ ಇಳಿದ ಸುದ್ದಿ ಅಲ್ಲಿಂದ ಬಾಯಿಂದ ಬಾಯಿಗೆ ನಡೆದೇ ಬರಬೇಕಿತ್ತು.

ಬಂದ ಸುದ್ದಿಯ ಭಾಷೆಯೂ ಊರಿನದಲ್ಲ. ಕಚೇರಿಯ ಕಾಗದ ಉರ್ದು, ಕೋರ್ಟಿನ ತೀರ್ಪು ಉರ್ದು, 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದು. ತೊಗರಿ ಬೆಳೆಯುವ ರೈತನಿಗೆ ತನ್ನ ಹೊಲದ ಮೇಲೆ ಬಂದ ನೋಟಿಸು ತಿಳಿಯಬೇಕಾದರೆ ಉರ್ದು ಬಲ್ಲ ಯಾರಾದರೂ ಓದಿ ಹೇಳಬೇಕು. ಕವಿರಾಜಮಾರ್ಗ ಹುಟ್ಟಿದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಸೇಡಂ ಸೀಮೆಯಲ್ಲಿದೆ. ಅದೇ ನೆಲದಲ್ಲಿ ಸಾವಿರ ವರ್ಷದ ಮೇಲೆ ಕನ್ನಡಿಗ ತನ್ನ ಭಾಷೆಯಲ್ಲಿ ರಾಜಕೀಯ ಮಾತನಾಡಲು ಅಪ್ಪಣೆ ಬೇಡಬೇಕಿತ್ತು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಸಭೆ ಸೇರುವುದಕ್ಕೇ ಪೂರ್ವಾನುಮತಿ ಕೇಳುತ್ತಿತ್ತು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲಬರ್ಗಾದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತೆಂಬುದು ಆ ಕಾಲದ ಸಣ್ಣ ಸಂಗತಿಯಲ್ಲ. ಸಾಹಿತ್ಯಕ್ಕೆ ಅಷ್ಟಿಷ್ಟು ಜಾಗವಿತ್ತು, ರಾಜಕೀಯಕ್ಕೆ ಇರಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲೇ ನಿಷೇಧಿಸಿದರು. ಆ ನಿಷೇಧ ತೆರವಾಗಲು 1946 ಬರಬೇಕಾಯಿತು. ಹೊರಗಿನ ಪತ್ರಿಕೆಗಳಿಗೆ ಸರಹದ್ದಿನಲ್ಲೇ ತಡೆ ಬೀಳುತ್ತಿತ್ತು.

ಹೀಗಾಗಿ ಸಂಸ್ಥಾನದ ಹಣೆಬರಹ ಏನಾಗಬೇಕೆಂಬ ದೊಡ್ಡ ಜಗಳ ನಡೆದದ್ದು ಹೈದರಾಬಾದಿನ ಉರ್ದು ಪತ್ರಿಕೆಗಳ ಪುಟದ ಮೇಲೆ. ಕಲಬುರಗಿ, ರಾಯಚೂರು, ಬೀದರ ಎಂಬ ಮೂರು ಕನ್ನಡ ಜಿಲ್ಲೆಗಳ ಭವಿಷ್ಯವೂ ಆ ಜಗಳದೊಳಗೇ ಸಿಕ್ಕಿತ್ತು. ನಮ್ಮಲ್ಲಿ ಏಕೀಕರಣದ ಚರಿತ್ರೆ ಬರೆಯುವಾಗ ಈ ಉರ್ದು ಪತ್ರಿಕೆಗಳನ್ನು ಬಿಟ್ಟು ಬರೆಯುವ ರೂಢಿಯಿದೆ. ನನಗೆ ಅದು ಸರಿ ಕಾಣುವುದಿಲ್ಲ. ನಮ್ಮ ಊರುಗಳ ಪರವಾಗಿ ಮೊದಲು ಬೆಲೆ ತೆತ್ತವರಲ್ಲಿ ಕನ್ನಡ ಬಾರದ ಸಂಪಾದಕರೂ ಇದ್ದರು.

ಎರಡು ಪಾಳಯಗಳಿದ್ದವು. 1920ರ ಸುಮಾರಿಗೆ ಶುರುವಾದ ‘ರಹಬರ್-ಎ-ದಕ್ಕನ್’ ನಿಜಾಮರ ಗಾದಿಗೂ ಆಮೇಲೆ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷಕ್ಕೂ ಹತ್ತಿರದ ಪತ್ರಿಕೆ. ‘ಮೀಜಾನ್’ ಉರ್ದು, ಇಂಗ್ಲಿಷ್, ತೆಲುಗು ಮೂರು ಭಾಷೆಗಳಲ್ಲಿ ಬರುತ್ತಿತ್ತು. ಎದುರಿಗೆ ಮಂದುಮುಲ ನರಸಿಂಗರಾಯರ ‘ರಯ್ಯತ್’ ಇತ್ತು. ತೆಲುಗು ಮನೆತನದ ವಕೀಲರೊಬ್ಬರು ಉರ್ದುವಿನಲ್ಲಿ ನಡೆಸಿದ ರಾಷ್ಟ್ರೀಯವಾದಿ ಪತ್ರಿಕೆ. ಖಾಜಿ ಅಬ್ದುಲ್ ಗಫ್ಫಾರ್ 1935ರಲ್ಲಿ ಕಟ್ಟಿದ ‘ಪಯಾಮ್’ ಇತ್ತು. ಗಫ್ಫಾರ್ ಉತ್ತರದಿಂದ ಬಂದವರು, ಮೌಲಾನಾ ಮಹಮ್ಮದ್ ಅಲಿಯವರ ‘ಹಮ್‌ದರ್ದ್’ ಪತ್ರಿಕೆಯಲ್ಲಿ ಪಳಗಿದವರು, ‘ಲೈಲಾ ಕೆ ಖುತೂತ್’ ಬರೆದ ಗದ್ಯಗಾರ. ಅವರ ಹೆಸರು ನೆನಪಿನಲ್ಲಿರಲಿ. ಈ ಕಥೆಯಲ್ಲಿ ಅವರು ಮತ್ತೆ ಬರುವುದು ನಮ್ಮ ಜಿಲ್ಲೆಗೇ.

ಈ ಎರಡನೆಯ ಪಾಳಯಕ್ಕೆ ಸೇರಿದ ಹುಡುಗ ಶೋಯೆಬುಲ್ಲಾ ಖಾನ್. ಹುಟ್ಟಿದ್ದು 1920ರ ಅಕ್ಟೋಬರಿನಲ್ಲಿ, ಆಗಿನ ವರಂಗಲ್ ಜಿಲ್ಲೆಯಲ್ಲಿ. ತಂದೆ ಹಬೀಬುಲ್ಲಾ ಖಾನ್ ರೈಲ್ವೆ ಪೊಲೀಸಿನಲ್ಲಿದ್ದರು. ಗಾಂಧೀಜಿ ರೈಲಿನಲ್ಲಿ ಹಾದುಹೋದ ದಿನವೇ ಮಗ ಹುಟ್ಟಿದನೆಂದು, ಮಗುವಿನ ಮುಖದಲ್ಲಿ ಗಾಂಧಿಯ ಹೋಲಿಕೆ ಕಂಡು ತಂದೆ ಅವನನ್ನು ‘ಶೋಯೆಬುಲ್ಲಾ ಗಾಂಧಿ’ ಎಂದೇ ಕರೆಯುತ್ತಿದ್ದರೆಂದು ಒಂದು ಕಥೆ ಹೈದರಾಬಾದಿನಲ್ಲಿ ಬಳಕೆಯಲ್ಲಿದೆ. ಉಸ್ಮಾನಿಯಾದಲ್ಲಿ ಬಿ.ಎ. ಮಾಡಿದ ಮುಸ್ಲಿಂ ಯುವಕನಿಗೆ ಆ ದಿನಗಳಲ್ಲಿ ಸರ್ಕಾರಿ ನೌಕರಿ ದೂರದ ಮಾತಾಗಿರಲಿಲ್ಲ. ಅದೇ ಪೀಳಿಗೆಯ, ಅದೇ ಉಸ್ಮಾನಿಯಾದ ಮೆಟ್ಟಿಲು ಹತ್ತಿದ ಚಿಂಚೋಳಿಯ ವೀರೇಂದ್ರ ಪಾಟೀಲರು ವಕೀಲಿಗೆ ಇಳಿದರು, ಮುಂದೆ ರಾಜ್ಯದ ಮುಖ್ಯಮಂತ್ರಿಯಾದರು. ಶೋಯೆಬುಲ್ಲಾ ‘ತೇಜ್’ ಎಂಬ ವಾರಪತ್ರಿಕೆಗೆ ಸೇರಿದರು. ಸರ್ಕಾರ ಅದನ್ನು ಮುಚ್ಚಿಸಿತು. ‘ರಯ್ಯತ್’ಗೆ ಹೋದರು. ಸರ್ಕಾರ ಅದನ್ನೂ ಮುಚ್ಚಿಸಿತು. ಆಗ ಮನೆಯವರ ಒಡವೆ, ಗೆಳೆಯರ ನೆರವು ಕೂಡಿಸಿ 1947ರ ನವೆಂಬರಿನಲ್ಲಿ ತಮ್ಮದೇ ದಿನಪತ್ರಿಕೆ ತೆಗೆದರು. ಹೆಸರು ‘ಇಮ್ರೋಜ್’. ಸಂಪಾದಕರಿಗೆ ಆಗಷ್ಟೇ 27 ತುಂಬಿತ್ತು.

ಪತ್ರಿಕೆ ಹುಟ್ಟಿದ ತಿಂಗಳೇ, ನವೆಂಬರ್ 29ರಂದು, ನಿಜಾಮರ ಸರ್ಕಾರ ದಿಲ್ಲಿಯೊಂದಿಗೆ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿತು. ದೇಶದ ನಡುವೆ, ಒಂದು ಕೋಟಿ ಅರವತ್ತು ಲಕ್ಷಕ್ಕೂ ಮಿಕ್ಕ ಜನರಿದ್ದ ರಾಜ್ಯ, ಒಂದು ವರ್ಷ ಎತ್ತಲೂ ವಾಲದೆ ನಿಲ್ಲುವುದೆಂದು ಕಾಗದದ ಮೇಲೆ ಮಾತಾಯಿತು. ಆಗಲೇ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಮಾನಂದ ತೀರ್ಥರು ಸೆರೆಮನೆಯ ರುಚಿ ಕಂಡಾಗಿತ್ತು. ಸಿಂದಗಿಯಲ್ಲಿ ಹುಟ್ಟಿದ ಈ ಸನ್ಯಾಸಿಯನ್ನು 1947ರ ಆಗಸ್ಟ್ 15ರಂದೇ, ದೇಶವೆಲ್ಲ ಬಾವುಟ ಏರಿಸಿದ ದಿನ, ಹಿಡಿದು ಒಳಗೆ ಹಾಕಿದ್ದರು. ಒಂದು ವರ್ಷದ ಹಿಂದೆ ಮೈಸೂರಿನ ಮಾಜಿ ದಿವಾನ ಮಿರ್ಜಾ ಇಸ್ಮಾಯಿಲ್ ಅವರು ಹೈದರಾಬಾದಿನ ಪ್ರಧಾನಿಯಾಗಿ ಬಂದು ನಡುದಾರಿಯೊಂದನ್ನು ಹುಡುಕಿದ್ದುಂಟು. ಮಜ್ಲಿಸ್ ಇತ್ತೆಹಾದಿನ ಒತ್ತಡಕ್ಕೆ ಹತ್ತು ತಿಂಗಳಲ್ಲೇ ಅವರು ಹೊರನಡೆದರು. ಆ ಬಾಗಿಲು ಮುಚ್ಚಿದ ಮೇಲೆ ಮುಂದಿನದು ಇಳಿಜಾರು.

ಇತ್ತೆಹಾದಿನ ಅಧ್ಯಕ್ಷ ಖಾಸಿಂ ರಜ್ವಿ. ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಮನುಷ್ಯ, 1946ರಲ್ಲಿ ಪಕ್ಷವನ್ನು ಕೈಗೆ ತೆಗೆದುಕೊಂಡ. ಅವನ ಶಕ್ತಿಯಿದ್ದದ್ದು ಮಾತಿನಲ್ಲಿ. ಸಭೆಗಳಲ್ಲಿ ಆಡಿದ್ದು ಮರುದಿನ ಪತ್ರಿಕೆಗಳಲ್ಲಿ ಬರುತ್ತಿತ್ತು, ದಕ್ಕನ್ ರೇಡಿಯೋ ಅವನ ರಾಜಕೀಯಕ್ಕೆ ಹತ್ತಿರವಾಗಿತ್ತು. ಸಂಸ್ಥಾನ ಸ್ವತಂತ್ರ, ಅದರ ಒಡೆತನ ಮುಸ್ಲಿಮರದು, ದಿಲ್ಲಿ ಶತ್ರು, ಭಿನ್ನಮಾತು ಆಡುವವ ಗದ್ದಾರ: ಈ ನಾಲ್ಕು ಮಾತನ್ನು ನಾನಾ ಬಗೆಯಲ್ಲಿ ಹೇಳುತ್ತ ಅವನು ಸಾವಿರಾರು ಯುವಕರಿಗೆ ಖಾಕಿ ತೊಡಿಸಿ ರಜಾಕಾರ ಸ್ವಯಂಸೇವಕರನ್ನಾಗಿ ಮಾಡಿದ. ನಮ್ಮ ಹಳ್ಳಿಗಳಲ್ಲಿ ಆ ವರ್ಷಕ್ಕೆ ಈಗಲೂ ‘ರಜಾಕಾರರ ಹಾವಳಿ’ ಎಂದೇ ಹೆಸರು.

ಹಾವಳಿ ಎಂದರೆ ಏನಾಗಿತ್ತು? ಸರಹದ್ದಿನ ಊರುಗಳಿಂದ ಜನ ಗಂಟುಮೂಟೆ ಕಟ್ಟಿ ಸೊಲ್ಲಾಪುರದ ಕಡೆ, ವಿಜಾಪುರದ ಕಡೆ, ಧಾರವಾಡ ಜಿಲ್ಲೆಯ ಕಡೆ ಹೊರಟರು. ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳೆದ್ದವು. ಅಳವಂಡಿ ಶಿವಮೂರ್ತಿಸ್ವಾಮಿಯವರಂಥವರು ಅಲ್ಲಿಂದ ಒಳಗಿನ ಠಾಣೆಗಳ ಮೇಲೆ ದಾಳಿ ಮಾಡಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಊರಿಗೆ ಊರೇ ಕೊಲೆಗೆ ಸಿಕ್ಕಿತು. ಅದೇ ತಿಂಗಳ 22ರಂದು ನಮ್ಮ ಜಿಲ್ಲೆಯ ಗಾಣಗಾಪುರ ಸ್ಟೇಷನ್ನಿನಲ್ಲಿ ಮದರಾಸಿನಿಂದ ಮುಂಬಯಿಗೆ ಹೋಗುತ್ತಿದ್ದ ರೈಲಿನ ಮೇಲೆ ರಜಾಕಾರರು ಬಿದ್ದರು. ದತ್ತಾತ್ರೇಯನ ದರ್ಶನಕ್ಕೆಂದು ಎಲ್ಲೆಲ್ಲಿಂದಲೋ ಜನ ಇಳಿಯುವ ನಿಲ್ದಾಣ ಅದು. ಆ ಒಂದು ದಾಳಿ ದಿಲ್ಲಿಯ ತಾಳ್ಮೆಯನ್ನು ಎಷ್ಟು ಕೆಡಿಸಿತೆಂಬುದನ್ನು ಆಗ ದಿಲ್ಲಿಯ ಸಂಸ್ಥಾನ ಖಾತೆಯ ಕಾರ್ಯದರ್ಶಿಯಾಗಿದ್ದ ವಿ.ಪಿ. ಮೆನನ್ ಬರೆದಿದ್ದಾರೆ.

ಇಮ್ರೋಜ್‌ನ ಕೆಲಸ ಈ ನಡುವೆ. ಶೋಯೆಬುಲ್ಲಾ ಬರೆದುದರಲ್ಲಿ ಜನ ಹೆಚ್ಚು ನೆನೆಯುವುದು 1948ರ ಜನವರಿ ಕೊನೆಯಲ್ಲಿ ಬಂದ ‘ಹಗಲಿನ ಸರ್ಕಾರ, ರಾತ್ರಿಯ ಸರ್ಕಾರ’ ಎಂಬ ಅರ್ಥದ ತಲೆಬರಹದ ಲೇಖನ. ಹಗಲು ಆಳುವವರು ಪ್ರಧಾನಿ ಲಾಯಕ್ ಅಲಿ, ಅವರ ಮಂತ್ರಿಗಳು, ತಹಸೀಲ್ದಾರರು, ಅಮೀನರು. ಕತ್ತಲಾದ ಮೇಲೆ ಆಳುವವರು ಕತ್ತಿ ಹಿಡಿದ ಸ್ವಯಂಸೇವಕರು. ಕಾಳಗಿಯಂಥ ಊರಿನವನಿಗೆ ಯಾರೂ ವಿವರಿಸಬೇಕಾಗಿಲ್ಲದ ಸಂಗತಿ ಇದು. ಹೊಸದೇನೆಂದರೆ ರಾಜಧಾನಿಯಲ್ಲಿ ಕೂತ, ಆಳುವ ಕೋಮಿಗೇ ಸೇರಿದ ಸಂಪಾದಕನೊಬ್ಬ ಅದನ್ನು ಅವರ ಭಾಷೆಯಲ್ಲೇ, ಅವರ ಕಣ್ಣಮುಂದೆಯೇ ಅಚ್ಚು ಹಾಕಿದ್ದು.

ನರಸಿಂಗರಾಯರೋ ರಮಾನಂದ ತೀರ್ಥರೋ ಇದನ್ನೇ ಬರೆದಿದ್ದರೆ ‘ಹಿಂದೂಗಳ ಗಲಾಟೆ’ ಎಂದು ತಳ್ಳಿಹಾಕಲು ಇತ್ತೆಹಾದಿಗೆ ಕಷ್ಟವಿರಲಿಲ್ಲ. ಶೋಯೆಬುಲ್ಲಾ ಅವರನ್ನು ಹಾಗೆ ತಳ್ಳಿಹಾಕುವುದು ಆಗಲಿಲ್ಲ. ರಜ್ವಿಯ ಇಡೀ ಕಟ್ಟಡ ನಿಂತಿದ್ದದ್ದು ಒಂದೇ ಕಂಬದ ಮೇಲೆ: ನಾನು ಸಂಸ್ಥಾನದ ಎಲ್ಲ ಮುಸ್ಲಿಮರ ಬಾಯಿ. ಇಮ್ರೋಜ್ ದಿನವೂ ಹೊರಬಿದ್ದಷ್ಟು ದಿನ ಆ ಮಾತು ಸುಳ್ಳಾಗುತ್ತಿತ್ತು. ಶೋಯೆಬುಲ್ಲಾ ಅವರಿಗೆ ಬೆದರಿಕೆಯ ಪತ್ರಗಳು ಬಂದದ್ದು ಅದಕ್ಕೇ, ಗದ್ದಾರ ಎಂಬ ಹೆಸರು ಅಂಟಿದ್ದೂ ಅದಕ್ಕೇ.

ಅವರದು ರಾಷ್ಟ್ರೀಯತೆ ಎನ್ನುವಾಗ ಅದು ಯಾವ ಬಗೆಯದೆಂದು ಸ್ವಲ್ಪ ನಿಂತು ನೋಡಬೇಕು. ಆ ಕಾಲದ ಹೈದರಾಬಾದಿನಲ್ಲಿ ‘ದೇಶ’ ಎಂಬ ಮಾತು ಇಬ್ಬರ ಬಾಯಲ್ಲೂ ಇತ್ತು. ರಜ್ವಿಗೂ ದೇಶವಿತ್ತು, ಅದು ಗಾದಿ, ಬಾವುಟ, ಶತಮಾನಗಳ ಆಳ್ವಿಕೆಯ ಹೆಮ್ಮೆ. ಅದರ ಪರವಾಗಿ ಬರೆದ ಸಂಪಾದಕರಿಗೆ ಜಾಹೀರಾತು ಸಿಗುತ್ತಿತ್ತು, ರಕ್ಷಣೆ ಸಿಗುತ್ತಿತ್ತು, ತಮ್ಮ ಸರ್ಕಾರವನ್ನು ಕಾಯುತ್ತಿದ್ದೇವೆಂಬ ನೆಮ್ಮದಿಯೂ ಸಿಗುತ್ತಿತ್ತು. ಶೋಯೆಬುಲ್ಲಾಗೆ ದೇಶವೆಂದರೆ ಅದರೊಳಗಿನ ರಯತ. ಭಾರತ ಒಕ್ಕೂಟಕ್ಕೆ ಸೇರಿ, ಜವಾಬ್ದಾರಿ ಸರ್ಕಾರ ಕೊಡಿ ಎಂದು ಅವರು ಕೇಳಿದ್ದು ದಿಲ್ಲಿಯ ಮೇಲಿನ ಮೋಹದಿಂದಲ್ಲ. ತನ್ನ ಜನರನ್ನು ತಾನೇ ಸುಲಿಯುತ್ತಿರುವ ರಾಜ್ಯಕ್ಕೆ ಅದೊಂದೇ ದಾರಿ ಉಳಿದಿದೆಯೆಂದು ಅವರಿಗೆ ಕಂಡದ್ದರಿಂದ. ಅಧಿಕಾರದ ಜೊತೆ ನಿಂತು ದೇಶಭಕ್ತಿ ಬರೆಯುವುದಕ್ಕೂ, ಅಧಿಕಾರ ಮಾಡುತ್ತಿರುವುದನ್ನು ಬರೆಯುವುದೇ ದೇಶಭಕ್ತಿ ಎಂದು ತಿಳಿಯುವುದಕ್ಕೂ ಇರುವ ಅಂತರವನ್ನು ಆ ಎಂಟೊಂಬತ್ತು ತಿಂಗಳ ಇಮ್ರೋಜ್‌ನಷ್ಟು ಸ್ಪಷ್ಟವಾಗಿ ತೋರಿಸಿದ ಬೇರೊಂದು ಪತ್ರಿಕೆ ನಮ್ಮ ಸೀಮೆಯ ಚರಿತ್ರೆಯಲ್ಲಿ ನನಗೆ ಕಾಣುವುದಿಲ್ಲ.

ಆಗಸ್ಟ್ ತಿಂಗಳಲ್ಲಿ ಎಲ್ಲವೂ ಬೇಗ ನಡೆಯಿತು. 13ರಂದು ಏಳು ಮಂದಿ ಮುಸ್ಲಿಂ ಪ್ರಮುಖರು ಒಂದು ಹೇಳಿಕೆ ಹೊರಡಿಸಿದರು: ರಜಾಕಾರರನ್ನು ವಿಸರ್ಜಿಸಿ, ಒಕ್ಕೂಟಕ್ಕೆ ಸೇರಿ. ಸಹಿ ಹಾಕಿದವರಲ್ಲಿ ಬಾಕರ್ ಅಲಿ ಮಿರ್ಜಾ ಇದ್ದರು, ಮುಲ್ಲಾ ಅಬ್ದುಲ್ ಬಾಸಿತ್ ಇದ್ದರು, ರಜಾಕಾರರ ಕೃತ್ಯಗಳನ್ನು ತಮ್ಮ ಅಧಿಕಾರದ ತಾಲ್ಲೂಕಿನಲ್ಲೇ ಕಂಡು ಸರ್ಕಾರಿ ಹುದ್ದೆ ಬಿಟ್ಟಿದ್ದ ಫರೀದ್ ಮಿರ್ಜಾ ಇದ್ದರು. ಇಮ್ರೋಜ್ ಅದನ್ನು ಅಚ್ಚು ಹಾಕಿತು. ಕೆಲವೇ ದಿನಗಳಲ್ಲಿ ರಜ್ವಿ ಒಂದು ಸಭೆಯಲ್ಲಿ, ಸಂಸ್ಥಾನದ ವಿರುದ್ಧ ಏಳುವ ಕೈಗಳನ್ನು ಕತ್ತರಿಸಬೇಕೆಂಬ ಅರ್ಥದ ಮಾತಾಡಿದನೆಂದು ವರದಿಯಾಯಿತು.

ಆಗಸ್ಟ್ 21ರ ರಾತ್ರಿ ಶೋಯೆಬುಲ್ಲಾ ಕಾಚಿಗುಡದ ಕಚೇರಿಯಲ್ಲಿ ಮರುದಿನದ ಸಂಚಿಕೆಯ ಕೆಲಸ ಮುಗಿಸಿ, ಭಾವಮೈದುನ ಇಸ್ಮಾಯಿಲ್ ಖಾನ್ ಜೊತೆ ಮನೆಯ ದಾರಿ ಹಿಡಿದರು. ನಡುರಾತ್ರಿ ಮೀರಿತ್ತು. ಹಿಂದಿನಿಂದ ಬಂದವರು ಗುಂಡು ಹಾರಿಸಿದರು. ಬಿದ್ದವರ ಕೈಯನ್ನು ಕತ್ತಿಯಿಂದ ಕಡಿದರು. ತಡೆಯಲು ಬಂದ ಇಸ್ಮಾಯಿಲರ ಕೈಯೂ ಹೋಯಿತು. ಬೆಳಗಿನ ಜಾವಕ್ಕೆ ಶೋಯೆಬುಲ್ಲಾ ತೀರಿಕೊಂಡರು. ಇಪ್ಪತ್ತೆಂಟು ತುಂಬಲು ಇನ್ನೂ ಎರಡು ತಿಂಗಳಿತ್ತು.

ಮೂರು ವಾರಗಳ ನಂತರ, ಸೆಪ್ಟೆಂಬರ್ 13ರಂದು, ಭಾರತದ ಸೇನೆ ಸಂಸ್ಥಾನದೊಳಕ್ಕೆ ಬಂತು. 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ರೇಡಿಯೋದಲ್ಲಿ ಯುದ್ಧ ನಿಂತಿತೆಂದು ಹೇಳಿದರು. ಮರುದಿನ ಸಂಸ್ಥಾನದ ಸೇನಾಪತಿ ಜನರಲ್ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರಿಗೆ ಶರಣಾದರು. ನಮ್ಮ ಕಡೆಯ ಹಿರಿಯರು ಇದಕ್ಕೆ ಇಂದಿಗೂ ‘ಪೊಲೀಸ್ ಆಕ್ಷನ್’ ಎನ್ನುತ್ತಾರೆ. ಹಳ್ಳಿಗಳಲ್ಲಿ ಬಾವುಟ ಏರಿತು, ಗಡಿಯಾಚೆ ಹೋದವರು ಮರಳಿದರು. ಈಗ ಪ್ರತಿವರ್ಷ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ನಡೆಯುತ್ತದೆ; ಹಾವಳಿಯ ವರ್ಷ ಕಂಡವರ ಮನೆಗಳಲ್ಲಿ ಆ ದಿನದ ಸಂತೋಷ ಸಾಚಾ ಸಂತೋಷ. ಅದನ್ನು ಯಾರೂ ಕಿರಿದು ಮಾಡುವಂತಿಲ್ಲ.

ಆದರೆ ಅದರ ಮುಂದಿನ ವಾರಗಳ ಕಥೆಯನ್ನು ಹೇಳದೆ ಇಮ್ರೋಜ್ ಸಂಪಾದಕನ ಕಥೆ ಮುಗಿಯುವುದಿಲ್ಲ. ಅವರು ಬದುಕಿದ್ದರೆ ಬರೆಯಬೇಕಾಗಿದ್ದದ್ದು ಅದೇ. ಸೇನೆ ಗೆದ್ದ ಮೇಲೆ ಸೇಡು ಶುರುವಾಯಿತು. ರಜಾಕಾರನೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ಮುಸ್ಲಿಮನಾಗಿದ್ದರೆ ಸಾಕಾಯಿತು. ಉಸ್ಮಾನಾಬಾದ್, ಬೀದರ, ನಾಂದೇಡ, ಗುಲಬರ್ಗಾ ಜಿಲ್ಲೆಗಳಲ್ಲಿ ಊರೂರು ಸುಲಿಗೆಯಾಯಿತು, ಗಂಡಸರು ಕೊಲೆಯಾದರು, ಹೆಂಗಸರ ಮೇಲೆ ಅತ್ಯಾಚಾರಗಳಾದವು, ಬಾವಿಗಳಲ್ಲಿ ಹೆಣಗಳು ತೇಲಿದವು.

ಸುದ್ದಿ ದಿಲ್ಲಿ ಮುಟ್ಟಿದಾಗ ನೆಹರೂ ಒಂದು ಸದ್ಭಾವನಾ ತಂಡ ಕಳಿಸಿದರು. ಮುಂದಾಳು ಪಂಡಿತ ಸುಂದರಲಾಲ್, ಗಾಂಧಿಯವರ ಹಳೆಯ ಅನುಯಾಯಿ. ಜೊತೆಗೆ ಬಂದವರು ಪಯಾಮ್‌ನ ಖಾಜಿ ಅಬ್ದುಲ್ ಗಫ್ಫಾರ್. ಇತ್ತೆಹಾದಿನ ರಾಜಕೀಯವನ್ನು ತಮ್ಮ ಪತ್ರಿಕೆಯಲ್ಲಿ ವರ್ಷಗಟ್ಟಲೆ ವಿರೋಧಿಸಿದ್ದ ಮನುಷ್ಯ, ಈಗ ಆ ರಾಜಕೀಯ ಸೋತ ಮೇಲೆ ಅದಕ್ಕೆ ಬೆಲೆ ತೆತ್ತವರ ಮನೆಬಾಗಿಲಿಗೆ ಹೋಗಬೇಕಾಯಿತು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೆಯ ವಾರದವರೆಗೆ ಅವರು ಹದಿನಾರು ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿದರು. 21 ಪಟ್ಟಣ, 23 ಹಳ್ಳಿ ಕಂಡರು. ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಮಾತು ಕೇಳಿದರು.

ಅವರ ವರದಿ ರಜಾಕಾರರ ಪಾಪವನ್ನು ಮುಚ್ಚುವುದಿಲ್ಲ. ಹಿಂದಿನ ಅತ್ಯಾಚಾರಗಳ ಉರಿ ಈ ಸೇಡಿನ ಹಿಂದೆ ಇತ್ತೆಂದು ಅದು ಒಪ್ಪುತ್ತದೆ. ಆಮೇಲೆ ಲೆಕ್ಕಕ್ಕೆ ಬರುತ್ತದೆ. ಇಡೀ ಸಂಸ್ಥಾನದಲ್ಲಿ, ಕಡಿಮೆ ಅಂದಾಜಿಗೂ, 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ. ಅವರಲ್ಲಿ 18 ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಆ ನಾಲ್ಕು ಜಿಲ್ಲೆಗಳಲ್ಲೇ. ನಾಲ್ಕರಲ್ಲಿ ಒಂದು ನಮ್ಮದು. ಕೆಲವೆಡೆ ಸೈನಿಕರು, ಪೊಲೀಸರೂ ಸುಲಿಗೆಯಲ್ಲಿ ಕೈಜೋಡಿಸಿದರೆಂದೂ, ಒಟ್ಟಾರೆ ಸೇನಾಧಿಕಾರಿಗಳು ಶಿಸ್ತಿನಿಂದ ನಡೆದುಕೊಂಡರೆಂದೂ ವರದಿ ಎರಡನ್ನೂ ದಾಖಲಿಸುತ್ತದೆ. ಅದರಲ್ಲೇ ಇನ್ನೊಂದು ಭಾಗವಿದೆ. ಮುಸ್ಲಿಂ ನೆರೆಯವರನ್ನು ತಮ್ಮ ಪ್ರಾಣ ಒತ್ತೆಯಿಟ್ಟು ಕಾಪಾಡಿದ ಹಿಂದೂಗಳಿದ್ದರು. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ಮುಸ್ಲಿಂ ನೇಕಾರರ ರಕ್ಷಣೆಗೆ ನಿಂತರು. ಮಗ್ಗದ ಪಕ್ಕ ಮಗ್ಗ ಹಾಕಿ ಬದುಕಿದವರಿಗೆ ರಾಜಧಾನಿಯ ಎರಡೂ ಪಾಳಯಗಳ ಭಾಷಣ ಅರ್ಥವಾಗಲಿಲ್ಲವೆಂದು ತೋರುತ್ತದೆ. ಈ ಭಾಗವನ್ನು ನಮ್ಮ ಶಾಲೆಯ ಮಕ್ಕಳು ಓದಬೇಕೆಂದು ನನ್ನ ಆಸೆ.

ದಿಲ್ಲಿ ಆ ವರದಿಯನ್ನು ಬೀಗದೊಳಗಿಟ್ಟಿತು. ಅದರ ತುಣುಕುಗಳು ವಿದ್ವಾಂಸರ ಪುಸ್ತಕಗಳಲ್ಲಿ ಆಗಾಗ ಕಂಡವು. ಎಲ್ಲರ ಓದಿಗೆ ಅದು ಹರಡಿಕೊಂಡದ್ದು 2013ರ ಹೊತ್ತಿಗೆ. ಆ ವರ್ಷ ಎ.ಜಿ. ನೂರಾನಿ ತಮ್ಮ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿದರು. ಅರವತ್ತೈದು ವರ್ಷ. ಶಾಂತಿ ಕದಡಬಾರದೆಂಬ ಕಾರಣಕ್ಕೆ ಮುಚ್ಚಿಟ್ಟರೆಂದು ಹೇಳುವವರಿದ್ದಾರೆ, 1948ರ ಚಳಿಗಾಲಕ್ಕೆ ಆ ಕಾರಣವನ್ನು ಒಪ್ಪಬಹುದು. 1958ಕ್ಕೂ 1978ಕ್ಕೂ 1998ಕ್ಕೂ ಒಪ್ಪುವುದು ಹೇಗೆ? ತನ್ನವರ ತಪ್ಪನ್ನು ತನ್ನವರ ಭಾಷೆಯಲ್ಲೇ ಬರೆದು ಸತ್ತ ಸಂಪಾದಕನನ್ನು ಹುತಾತ್ಮನೆಂದು ಕರೆದ ದೇಶ, ತನ್ನ ತಪ್ಪಿನ ಕಾಗದವನ್ನು ಇಷ್ಟು ಕಾಲ ಅಡಗಿಸಬಾರದಿತ್ತು. ಶೋಯೆಬುಲ್ಲಾ ಹೆಸರನ್ನು ರಜಾಕಾರರ ಕ್ರೌರ್ಯಕ್ಕೆ ಸಾಕ್ಷಿಯಾಗಿ ಮಾತ್ರ ಎತ್ತುವವರು ಅವರ ಅರ್ಧವನ್ನಷ್ಟೇ ಎತ್ತಿಕೊಳ್ಳುತ್ತಾರೆ. ರಾತ್ರಿಯ ಸರ್ಕಾರಕ್ಕೆ ಎದುರಾದವರು ಅದು ಯಾರ ಬಾವುಟ ಹಿಡಿದಿದೆಯೆಂದು ನೋಡಿ ಬರೆಯುತ್ತಿರಲಿಲ್ಲ.

ಉಳಿದವರ ಪಾಡು ಚಿಕ್ಕದಾಗಿ ಹೇಳಬಹುದು. ರಜ್ವಿಯನ್ನು ವಿಶೇಷ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿದರು. ಶೋಯೆಬುಲ್ಲಾ ಕೊಲೆ ಪ್ರಕರಣದ ಶಿಕ್ಷೆ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಬೀಬಿನಗರದ ದರೋಡೆ ಪ್ರಕರಣದ ಶಿಕ್ಷೆ 1953ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಗಟ್ಟಿಯಾಯಿತು. 1957ರಲ್ಲಿ ಬಿಡುಗಡೆಯಾಗಿ ಅವನು ಪಾಕಿಸ್ತಾನಕ್ಕೆ ಹೋದ, 1970ರಲ್ಲಿ ಕರಾಚಿಯಲ್ಲಿ ಸತ್ತ. ‘ರಹಬರ್-ಎ-ದಕ್ಕನ್’ ನಿಂತುಹೋಗಿ 1949ರಲ್ಲಿ ‘ರಹನುಮಾ-ಎ-ದಕ್ಕನ್’ ಎಂಬ ಹೆಸರಿನಲ್ಲಿ ಮತ್ತೆ ಬಂತು. ಗಫ್ಫಾರ್ ಅವರು ಅಂಜುಮನ್ ತರಕ್ಕಿ-ಎ-ಉರ್ದುವಿನ ಹೊಣೆ ಹೊತ್ತು, 1956ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಇಲ್ಲವಾಗಿ, ಕಾಳಗಿ, ಸೇಡಂ, ಚಿಂಚೋಳಿಗಳು ಮೈಸೂರಿಗೆ ಸೇರಿದವು. ತಾಂಡೂರು ಆಂಧ್ರಕ್ಕೆ ಹೋಯಿತು. ರೈಲು ಮಾತ್ರ ಎರಡೂ ರಾಜ್ಯಗಳ ನಡುವೆ ಹಿಂದಿನಂತೆಯೇ ಓಡಿತು.

ಏಳು ಸಹಿಗಳಲ್ಲಿ ಒಂದನ್ನು ಹಾಕಿದ್ದ ಫರೀದ್ ಮಿರ್ಜಾ ಬಹಳ ವರ್ಷ ಬದುಕಿದರು. ಇಮ್ರೋಜ್ ಅಚ್ಚು ಹಾಕಿದ ಆ ಹೇಳಿಕೆಗೆ ಅವರು ಕೊನೆಗೂ ಒಂದು ಪುಸ್ತಕದ ರೂಪ ಕೊಟ್ಟರು. ಪೊಲೀಸ್ ಆಕ್ಷನ್ನಿಗೆ ಮೊದಲಿನ ದಿನಗಳು ಮತ್ತು ನಂತರದ ದಿನಗಳು, ತಾವು ಕಂಡದ್ದು, ತಮಗನಿಸಿದ್ದು, ತಾವು ಮಾಡಿದ್ದು ಎಂಬುದೇ ಅದರ ಹೆಸರಿನ ಅರ್ಥ. ಎರಡು ಕಾಲಗಳನ್ನೂ ಅವರು ಒಂದೇ ರಟ್ಟಿನೊಳಗೆ ಇಟ್ಟರು.